ಬೆಳಗಿನ ಹೊತ್ತು ಮಾತ್ರ ಜಾರುತ್ತಿದ್ದ ಫ್ರೀವೀಲು

ನಮ್ಮ ಮೊಮ್ಮಗಳು ಹರ್ಷಿತಾ ಸೈಕಲ್ಲಿನಿಂದ ಮೂರು ಸಲ ಬಿದ್ದದ್ದು ಕೊಬ್ಬರಿ ಎಣ್ಣೆಯಿಂದ. ಮಿಕ್ಕವರು ಹೇಳಿದ್ದೆಲ್ಲ ಬರೀ ಮಾತು. ಸೊಸೆ ದೃಷ್ಟಿಯಾಯಿತು ಅಂದಳು. ಮಗ ಶಿವಕುಮಾರ, ಹೆಣ್ಣುಮಕ್ಕಳು ಬಂಡೆ ಮೇಲೆ ಸೈಕಲ್ ಹಾರಿಸಿದರೆ ಇನ್ನೇನಾಗುತ್ತದೆ ಅಂದ. ಯಜಮಾನರು ಬಂಡೆಯಲ್ಲಿ ಪಾಚಿ ಕಟ್ಟಿರಬೇಕು ಅಂದರು. ನಮ್ಮ ಕಡೆಯ ಒಣ ಬಂಡೆಯಲ್ಲಿ ಪಾಚಿ ಕಂಡವರು ಅವರೊಬ್ಬರೇ. ಹುಡುಗಿ ಫ್ರೀವೀಲ್ ಕೆಟ್ಟಿದೆ ಅಂದಳು. ಅದೂ ಸುಳ್ಳು. ಆದರೆ ಅದು ಸುಳ್ಳು ಎಂದು ಗೊತ್ತಾಗುವ ಹೊತ್ತಿಗೆ ನಾವು ಮೂರನೆಯ ಫ್ರೀವೀಲ್ ಹಾಕಿ ಆಗಿತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ತುರುವೇಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪು ನಡೆಸಿ, ಮಂಡಿ ಹಿಡಿದುಕೊಂಡ ಮೇಲೆ ಬಿಟ್ಟು ಮನೆ ಜಗಲಿಯಲ್ಲಿ ಕೂತಿದ್ದೇನೆ. ಮೊನ್ನೆ ದಬ್ಬೇಘಟ್ಟದ ಇಬ್ಬರು ಹುಡುಗಿಯರು ಸೈಕಲ್ ರಿಪೇರಿ ಅಂಗಡಿ ಇಡುತ್ತೇವೆ ಎಂದು ಬಂದಿದ್ದರು. ಎರಡು ದಿನ ಬಾಯಲ್ಲಿ ಹೇಳಿದೆ. ನೀವು ಹೇಳಿದ್ದೆಲ್ಲ ಬಸ್ಸು ಹತ್ತೋ ಹೊತ್ತಿಗೆ ಮರೆತುಹೋಗುತ್ತೆ ಅಜ್ಜಿ, ಬರೆದುಕೊಡಿ ಅಂದರು. ಬರೆಯುವುದು ಸ್ಪೋಕು ಕಟ್ಟುವುದಕ್ಕಿಂತ ಕಷ್ಟ. ಸ್ಪೋಕಾದರೆ ಎಲ್ಲಿ ಸೊಟ್ಟಗಿದೆ ಎಂದು ಕೈಗೆ ಗೊತ್ತಾಗುತ್ತದೆ. ಅಂಗಡಿ ಎಷ್ಟು ಬೆಳೆಯಿತು, ಯಾರು ಶಾಲು ಹೊದಿಸಿದರು ಎಂಬುದನ್ನು ಇಲ್ಲಿ ಬರೆದಿಲ್ಲ. ಶಾಲು ಹೊದಿಸಿದವರ ಸೈಕಲ್ಲೂ ಮಾರನೇ ವಾರ ಪಂಕ್ಚರಾಗಿ ಬಂತು, ಅಷ್ಟೇ.

ಮೊದಲು ಫ್ರೀವೀಲ್ ಏನೆಂದು ಹೇಳಿಬಿಡುತ್ತೇನೆ. ಪೆಡಲ್ ಮುಂದಕ್ಕೆ ತುಳಿದರೆ ಚಕ್ರ ತಿರುಗಬೇಕು. ಕಾಲು ನಿಲ್ಲಿಸಿದರೆ ಚಕ್ರ ತನ್ನ ಪಾಡಿಗೆ ಉರುಳುತ್ತಿರಬೇಕು. ಈ ಎರಡನ್ನೂ ಮಾಡಿಸುವ ಬಿಲ್ಲೆಯೇ ಫ್ರೀವೀಲ್. ಅದರ ಹೊರಗಡೆ ಚೈನು ಕೂರುವ ಹಲ್ಲು. ಒಳಗಡೆ ಗರಗಸದಂಥ ಓರೆ ಹಲ್ಲಿನ ಬಳೆ. ಆ ಹಲ್ಲಿಗೆ ಸಿಕ್ಕಿಕೊಳ್ಳುವ ಉಕ್ಕಿನ ಪುಟ್ಟ ಚೂರುಗಳು, ಅವನ್ನು ಮೇಲಕ್ಕೆ ಒತ್ತಿ ಹಿಡಿಯಲು ಕೂದಲೆಳೆಯಂಥ ಸ್ಪ್ರಿಂಗು. ನನಗೆ ಕೆಲಸ ಕಲಿಸಿದ ತಿಪಟೂರಿನ ಬಾಷಾ ಸಾಬರು ಆ ಚೂರಿಗೆ ಕುತ್ತಾ ಅನ್ನುತ್ತಿದ್ದರು, ಕಚ್ಚಿ ಹಿಡಿಯುತ್ತದಲ್ಲ, ಅದಕ್ಕೆ. ನಾನು ನಾಯಿ ಅನ್ನುತ್ತೇನೆ. ನಾಯಿ ಕಚ್ಚಿದರೆ ಸೈಕಲ್ ಮುಂದೆ ಹೋಗುತ್ತದೆ. ಕಚ್ಚದಿದ್ದರೆ ಪೆಡಲ್ ಗಾಳಿಯನ್ನು ತುಳಿದ ಹಾಗೆ ದಡಕ್ಕನೆ ಕೆಳಗೆ ಹೋಗುತ್ತದೆ, ಅದರ ಮೇಲೆ ನಿಂತವರೂ ಹೋಗುತ್ತಾರೆ.

ಅಂಗಡಿ ಯಜಮಾನರದು. ಗಂಟೆ ಬಾಡಿಗೆಗೆ ಸೈಕಲ್ ಕೊಡುತ್ತಿದ್ದರು. ಅವರಿಗೆ ಮಾತು ಇಷ್ಟ, ಕೆಲಸ ಅಷ್ಟಿಲ್ಲ. ಪಂಕ್ಚರ್ ಹಾಕಿಸಲು ಬಂದವರನ್ನು ಕೂರಿಸಿಕೊಂಡು ಕೊಬ್ಬರಿ ಧಾರಣೆಯ ಮಾತು ತೆಗೆದರೆ, ಟ್ಯೂಬು ಕೈಯಲ್ಲೇ ಒಣಗುತ್ತಿತ್ತು. ಒಂದು ದಿನ ಬುತ್ತಿ ತೆಗೆದುಕೊಂಡು ಹೋದ ನಾನು ಆ ಟ್ಯೂಬು ಕಿತ್ತುಕೊಂಡು ಪ್ಯಾಚು ನಾನೇ ಹಾಕಿದೆ. ಅಲ್ಲಿಂದಾಚೆಗೆ ಮಾತು ಅವರದು, ಕೆಲಸ ನನ್ನದು ಎಂದು ಹಂಚಿಕೆಯಾಯಿತು. ಇಬ್ಬರಿಗೂ ನಷ್ಟವಾಗಲಿಲ್ಲ.

ಮೇಲಧಿಕಾರಿ ಅಂದರೆ ನನಗೆ ಅತ್ತೆಯವರು. ಹೆಂಗಸು ಸ್ಪ್ಯಾನರ್ ಹಿಡಿಯಬಾರದು ಎಂದು ಅವರು ಯಾವತ್ತೂ ಹೇಳಲಿಲ್ಲ. ಗ್ರೀಸು ಹತ್ತಿದ ಕೈ ರಾಗಿ ಹಿಟ್ಟಿಗೆ ಬರಬಾರದು ಎಂದಷ್ಟೇ ಹೇಳಿದರು. ದಿನಾ ಸಂಜೆ ಹಿತ್ತಲ ಬಾಗಿಲಲ್ಲಿ ತಡೆದು, "ಎಲ್ಲಿ, ಉಗುರು ತೋರ್ಸು" ಅನ್ನುತ್ತಿದ್ದರು. ತೆಂಗಿನ ನಾರು, ಬೂದಿ, ಹುಣಸೆಹಣ್ಣು ಮೂರೂ ಹಾಕಿ ತಿಕ್ಕಿದರೂ ಉಗುರ ಸಂದಿಯಲ್ಲಿ ಕಪ್ಪು ಕಂಡರೆ ಅಂದು ಮುದ್ದೆ ಕಟ್ಟುವುದು ಅವರೇ. ನಾನು ಎಷ್ಟೋ ದಿನ ಬೇಕೆಂದೇ ಒಂದು ಉಗುರು ಬಿಟ್ಟು ತೊಳೆದಿದ್ದೇನೆ.

ಬಾಷಾ ಸಾಬರು ವಾರಕ್ಕೊಮ್ಮೆ ಬಂದು ಕಷ್ಟದ ರಿಪೇರಿ ಮಾಡಿಕೊಟ್ಟು ಹೋಗುತ್ತಿದ್ದರು. ಮುಟ್ಟಿ ತೋರಿಸಿ ಕಲಿಸುವವರಲ್ಲ, ಬೈದು ಕಲಿಸುವವರು. ನಾನು ಮೊದಲ ಸಲ ಫ್ರೀವೀಲ್ ಬಿಚ್ಚಿದ್ದು ಅವರಿಲ್ಲದಾಗ. ಒಳಗೆ ಸಾಸಿವೆಗಿಂತ ತುಸು ದಪ್ಪದ ಉಕ್ಕಿನ ಗುಂಡುಗಳು ಸಾಲಾಗಿರುತ್ತವೆ ಎಂದು ನನಗೆ ಯಾರು ಹೇಳಿದ್ದರು? ಮುಚ್ಚಳ ತಿರುಗಿಸಿದ್ದೇ ತಡ, ಪುಳಪುಳನೆ ಉದುರಿ ಬೀದಿಗೆ ಉರುಳಿದವು. ಪಕ್ಕದ ಹೋಟೆಲಿನವರ ಕೋಳಿಗಳು ಓಡಿಬಂದು ಹೆಕ್ಕಿದವು. ನಾನು ಅಟ್ಟಿಸಿಕೊಂಡು ಹೋಗುವಷ್ಟರಲ್ಲಿ ಅರ್ಧ ಗುಂಡು ಕೋಳಿ ಹೊಟ್ಟೆಯಲ್ಲಿ. ಸಾಬರು ಬಂದಾಗ ಕೇಳಿ, ಗಡ್ಡ ನೀವಿಕೊಂಡು, "ಪರ್ವಾಗಿಲ್ಲಮ್ಮಾ. ಇನ್ಮೇಲೆ ಆ ಕೋಳಿ ಇಡೋ ಮೊಟ್ಟೆ ಎಲ್ಲಾ ಸಲೀಸಾಗಿ ಉರ್ಳತ್ತೆ" ಅಂದರು. ಆಮೇಲೆ ಮುಖ ಗಂಟಿಕ್ಕಿ, "ಕೆಳಗಡೆ ತಟ್ಟೆ ಇಡ್ದೆ ಫ್ರೀವೀಲ್ ಬಿಚ್ಚೋರು ಮಿಸ್ತ್ರಿ ಅಲ್ಲ, ಕೋಳಿ ಸಾಕೋರು" ಅಂದರು. ಇವತ್ತಿಗೂ ನಾನು ತಟ್ಟೆ ಇಡದೆ ಏನನ್ನೂ ಬಿಚ್ಚುವುದಿಲ್ಲ. ನೀವೂ ಇಡಿ.

ನಮ್ಮ ಕಡೆಯ ಫ್ರೀವೀಲಿಗೆ ಇನ್ನೊಂದು ಕಾಯಿಲೆ ಇದೆ. ಎಳನೀರು ಹೊರುವ ಒಬ್ಬಾತ ಹಿಂದೆ ಮುಂದೆ ಗೊನೆ ಕಟ್ಟಿಕೊಂಡು ಬರುತ್ತಿದ್ದ. ಅವನ ಫ್ರೀವೀಲ್ ತಿಂಗಳಿಗೊಂದು ಹಾಳಾಗುತ್ತಿತ್ತು. ಅಂಗಡಿಯವರು ಡೂಪ್ಲಿಕೇಟ್ ಮಾಲು ಕೊಡುತ್ತಾರೆ ಎಂದು ಊರೆಲ್ಲ ಸಾರಿಕೊಂಡು ಬರುತ್ತಿದ್ದ. ಬಿಚ್ಚಿ ನೋಡಿದರೆ ಒಳಗೆ ತೆಂಗಿನ ನಾರು, ಗುಬ್ಬಚ್ಚಿ ಗೂಡು ಕಟ್ಟಿದ ಹಾಗೆ. ತೆಂಗಿನಕಾಯಿಯ ಮಟ್ಟೆ ಸುಲಿಯುವ ಕಡೆ ಸೈಕಲ್ ಮಲಗಿಸುತ್ತಿದ್ದ, ಅಷ್ಟೇ. "ಸೈಕಲ್ ನಿಲ್ಸಯ್ಯ, ಮಲಗಿಸ್ಬೇಡ" ಅಂದೆ. ಅದಾದ ಮೇಲೆ ಅದೇ ಫ್ರೀವೀಲು ವರ್ಷಗಟ್ಟಲೆ ಓಡಿತು. ಅವನು ಮಾತ್ರ ಒಳ್ಳೇ ಮಾಲು ಈಗ ಬರೋಕೆ ಶುರುವಾಯ್ತು ಎಂದು ಹೇಳಿಕೊಂಡು ತಿರುಗಿದ.

ಇನ್ನು ಶಾಲೆ ಇನ್‌ಸ್ಪೆಕ್ಟರ ವಿಷಯ. ಅವರ ಹೆಸರು ಬೇಡ. ಒಂದು ದಿನ ಸೈಕಲ್ ತಂದು ನಿಲ್ಲಿಸಿ, "ನೋಡಮ್ಮ, ಇದು ಫರ್ಲಾಂಗು ದೂರದಿಂದ್ಲೇ ಟಿಕಿಟಿಕಿ ಅಂತದೆ. ನಾನು ಶಾಲೆ ಮುಟ್ಟೋ ಹೊತ್ಗೆ ಮಲಗಿದ್ ಮೇಷ್ಟ್ರು ಎದ್ದು ಬೋರ್ಡ್ ಮೇಲೆ ಬರೀತಾ ನಿಂತಿರ್ತಾರೆ. ಶಬ್ದ ಬರ್ದಂಗೆ ಮಾಡ್ಕೊಡು" ಅಂದರು.

ಆ ಟಿಕಿಟಿಕಿ ನಾಯಿಗಳದ್ದು. ಸುಮ್ಮನೆ ಉರುಳುವಾಗ ಓರೆ ಹಲ್ಲಿನ ಮೇಲೆ ಕುಣಿದು ಹೋಗುವ ಶಬ್ದ. ಗಿರಾಕಿ ಕೇಳಿದ್ದನ್ನು ಮಾಡಿಕೊಟ್ಟೆ. ಲಾರಿಗೆ ಹಾಕುವ ಗ್ರೀಸನ್ನು ಹೋಳಿಗೆಗೆ ಹೂರಣ ತುಂಬಿದ ಹಾಗೆ ತುಂಬಿದೆ. ಶಬ್ದ ನಿಂತಿತು. ವಾರ ಕಳೆಯುವಷ್ಟರಲ್ಲಿ ಹಳ್ಳಿ ಮೇಷ್ಟರೊಬ್ಬರು ಬಂದು ಅತ್ತ ಇತ್ತ ನೋಡಿ, "ತಾಯಿ, ಆ ಸೈಕಲ್ಲಿಗೆ ಏನ್ ಮಾಡಿದ್ರಿ? ಈಗ ಬೆಕ್ಕು ಬಂದಂಗೆ ಬತ್ತಾರೆ. ಒಂದ್ ಚೂರು ಶಬ್ದ ವಾಪಸ್ ಹಾಕ್ಕೊಡಿ, ನಿಮ್ ಹೆಸ್ರು ಹೇಳ್ಕೋತೀವಿ" ಅಂದರು. ಯಜಮಾನರು ಅವರಿಗೆ ಟೀ ತರಿಸಿದರು. ನಾನು ಆಗಲ್ಲ ಅಂದೆ.

ಮೇಷ್ಟರ ಬೇಡಿಕೆಯನ್ನು ಚಳಿಯೇ ನೆರವೇರಿಸಿತು. ಅವರೆಕಾಯಿ ಕಾಲದ ಒಂದು ಬೆಳಿಗ್ಗೆ ಇನ್‌ಸ್ಪೆಕ್ಟರು ಕೆರೆ ಏರಿ ಹತ್ತುವಾಗ ಎದ್ದು ನಿಂತು ಪೆಡಲ್ ಒತ್ತಿದ್ದಾರೆ. ಗ್ರೀಸು ಗಟ್ಟಿಯಾಗಿ ನಾಯಿಗಳು ಅದರಲ್ಲೇ ಹೂತುಕೊಂಡಿವೆ, ಎದ್ದು ಕಚ್ಚಿಲ್ಲ. ಪೆಡಲ್ ಕೆಳಗೆ, ಇವರು ಗದ್ದೆಗೆ. ಎತ್ತಿದವರು ಅದೇ ಮೇಷ್ಟರು, ಮಕ್ಕಳ ಸಮೇತ. ಮಧ್ಯಾಹ್ನ ಕೆಸರು ಒಣಗಿದ ಬಟ್ಟೆಯಲ್ಲೇ ಅಂಗಡಿಗೆ ಬಂದು, "ಶಬ್ದ ಬಂದ್ರೆ ಬರ್ಲಿ ಬುಡಮ್ಮ" ಅಂದರು. ಸಾಬರು ಇದನ್ನು ಕೇಳಿ ಹೇಳಿದ ಮಾತೇ ನನಗೆ ಈ ಕಸುಬಿನ ಮೊದಲ ಪಾಠ: "ಊರಲ್ಲಿ ಬೊಗಳೋ ನಾಯಿ ಕಚ್ಚಲ್ಲ ಅಂತಾರೆ. ಫ್ರೀವೀಲಲ್ಲಿ ಉಲ್ಟಾ. ಬೊಗಳ್ದೇ ಇರೋ ನಾಯಿ ಕಚ್ಚೋದೂ ಇಲ್ಲ. ಕಿವಿ ಕೊಡಮ್ಮಾ, ಕಿವಿ."

ಈಗ ಕೆಲಸದ ರೀತಿ ಬದಲಾಗಿದೆ. ನಾವು ಫ್ರೀವೀಲನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬ್ರಷ್ಷಲ್ಲಿ ಉಜ್ಜಿ, ಸ್ಪ್ರಿಂಗು ಹೋಗಿದ್ದರೆ ಹಳೆ ಬ್ರೇಕು ವಯರಿನ ಎಳೆ ಬಗ್ಗಿಸಿ ಸ್ಪ್ರಿಂಗು ಮಾಡುತ್ತಿದ್ದೆವು. ಈಗಿನವರು ಹಳೆಯದನ್ನು ಎಸೆದು ಹೊಸದು ತಿರುಗಿಸುತ್ತಾರೆ. ಅದರಲ್ಲಿ ತಪ್ಪಿಲ್ಲ, ಕೈ ನೋಯುವುದು ಕಡಿಮೆ. ಆದರೆ ಹೊಸದೂ ಜಾರಿದರೆ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ. ಇನ್ನೊಂದು ಹೊಸದು ತರುತ್ತಾರೆ. ನಾವು ಮಾಡಿದ್ದೂ ಅದನ್ನೇ.

ಹರ್ಷಿತಾ ತಿಪಟೂರಿನಲ್ಲಿ ಡಿಗ್ರಿ ಓದುತ್ತಾಳೆ. ಚಿಕ್ಕವಳಿದ್ದಾಗಿನಿಂದ ಸೈಕಲ್ಲನ್ನು ರಸ್ತೆಯಲ್ಲಿ ಬಿಟ್ಟವಳಲ್ಲ. ಜಗಲಿ ಮೆಟ್ಟಿಲು ಹತ್ತಿಸುವುದು, ಉರುಳಿದ ತೆಂಗಿನ ಮರದ ಮೇಲೆ ಓಡಿಸುವುದು, ಮಟ್ಟೆ ರಾಶಿಯಿಂದ ಹಾರಿಸುವುದು. ಅದಕ್ಕೂ ಒಂದು ಆಟವಿದೆಯಂತೆ, ಟ್ರಯಲ್ಸ್ ಎನ್ನುತ್ತಾರೆ. ಅದರಲ್ಲಿ ವೇಗ ಮುಖ್ಯವಲ್ಲ. ಬಂಡೆ, ದಿಮ್ಮಿಗಳ ಮೇಲೆ ಸೈಕಲ್ ಹತ್ತಿಸಿ ಇಳಿಸಬೇಕು, ಕಾಲು ನೆಲಕ್ಕೆ ತಾಗಬಾರದು, ತಾಗಿದಷ್ಟೂ ಲೆಕ್ಕದಲ್ಲಿ ಹಿಂದೆ. ಹೋದ ವರ್ಷ ಬೆಂಗಳೂರಿನಲ್ಲಿ ಯಾರೋ ಆಡಿ ಬಿಟ್ಟ ಟ್ರಯಲ್ಸ್ ಸೈಕಲ್ಲನ್ನು ಕೊಂಡು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಳು.

ಯಜಮಾನರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮಗಾ, ದಾರೀಲಿ ಯಾರೋ ಸೀಟು ಕದ್ಬುಟ್ಟವ್ರೆ" ಅಂದರು.

"ಇದಕ್ಕೆ ಸೀಟೇ ಇರಲ್ಲ ತಾತ. ನಿಂತ್ಕೊಂಡೇ ಓಡ್ಸೋದು."

"ಹಂಗಾರೆ ನಡ್ಕೊಂಡೇ ಹೋಗ್ಬೋದಲ್ಲವ್ವ."

ನನ್ನ ಕಣ್ಣು ಸೀಟಿನ ಮೇಲಿರಲಿಲ್ಲ. ಎಲ್ಲ ಸೈಕಲ್ಲಿಗೂ ಫ್ರೀವೀಲ್ ಹಿಂದಿನ ಚಕ್ರದಲ್ಲಿರುತ್ತದೆ. ಇದಕ್ಕೆ ಮುಂದೆ, ಪೆಡಲಿನ ಬುಡದಲ್ಲೇ ಇತ್ತು. ಇಷ್ಟು ವರ್ಷದಲ್ಲಿ ನಾನು ಕಂಡಿರಲಿಲ್ಲ. ನೋಡಿ ಖುಷಿಯಾಯಿತು. ಪೆಡಲ್ ಹಿಂದಕ್ಕೆ ತಿರುಗಿಸಿದರೆ ಟಿಕಿಟಿಕಿ ಅಲ್ಲ, ಜೀರುಂಡೆ ಕೂಗಿದ ಹಾಗೆ ಜರ್ರ್ ಎಂದಿತು.

"ಒಂದು ಸುತ್ತಿಗೆ ನೂರೆಂಟು ಸಲ ಕಚ್ಚುತ್ತೆ ಅಜ್ಜಿ" ಅಂದಳು ಹುಡುಗಿ.

"ನೂರೆಂಟಾ? ಅಷ್ಟೋತ್ತರ ಆಯ್ತು. ಒಂದ್ ಊದುಗಡ್ಡಿ ಹಚ್ಬುಡಿ" ಅಂದರು ಯಜಮಾನರು.

ಅವರು ಆ ಸೈಕಲ್ಲಿಗೆ ಮರುಳಾಗಿಬಿಟ್ಟರು. ದಿನಾ ಸಂಜೆ ಬಟ್ಟೆ ತೆಗೆದುಕೊಂಡು ಒರೆಸುವುದು, ಬಂದವರಿಗೆಲ್ಲ ತೋರಿಸುವುದು. ಅಂಗಡಿಯಿದ್ದ ಕಾಲದಲ್ಲಿ ಒಂದು ಸೈಕಲ್ ಒರೆಸಿದವರಲ್ಲ. ಇರಲಿ, ಮಾತಿಗೊಂದು ವಸ್ತು ಸಿಕ್ಕಿತು ಎಂದುಕೊಂಡು ನಾನು ಸುಮ್ಮನಿದ್ದೆ.

ಚಳಿ ಶುರುವಾದ ಮೇಲೆ ಹುಡುಗಿ ಬೀಳತೊಡಗಿದಳು. ಅವಳು ಓಡಿಸುವುದು ಬೆಳಿಗ್ಗೆ, ಕಾಲೇಜಿನ ಬಸ್ಸಿಗೆ ಮುಂಚೆ. ಹಿಂದಿನ ಚಕ್ರದ ಮೇಲೆ ನಿಂತು ಒಂದೇ ಒದೆತಕ್ಕೆ ಕಲ್ಲಿನ ಮೇಲೆ ಹಾರಬೇಕು. ಆ ಒದೆತದಲ್ಲೇ ಪೆಡಲ್ ಜಾರಿ ಎದೆ ಹ್ಯಾಂಡಲ್ಲಿಗೆ ಬಡಿಯಿತು. ನಾನು ಮನೆಕೆಲಸ, ಊಟ ಮುಗಿಸಿ ಮಧ್ಯಾಹ್ನ ಸೈಕಲ್ ಹತ್ತಿರ ಕೂತು ನೋಡಿದೆ. ಜರ್ರ್ ಎಂದು ಚೆನ್ನಾಗಿ ಕೂಗಿತು. ಬಿಚ್ಚಿದರೆ ಒಳಗೆ ತೆಳ್ಳನೆಯ ಎಣ್ಣೆ, ಕೊಳೆ ಇಲ್ಲ, ನಾರಿಲ್ಲ. ಆದರೂ ಯಾರೋ ಸವೆಸಿ ಬಿಟ್ಟದ್ದು, ನೆಚ್ಚುವುದು ಬೇಡ ಎಂದು ತಿಪಟೂರಿನಿಂದ ಸಾದಾ ಸೈಕಲ್ಲಿನ ಫ್ರೀವೀಲ್ ತರಿಸಿ ಹಾಕಿದೆ. ಥ್ರೆಡ್ಡು ಸರಿಯಾಗಿ ಕೂತಿತು.

ಸಾದಾ ಫ್ರೀವೀಲಿಗೆ ಎರಡೇ ನಾಯಿ, ಎರಡಕ್ಕೂ ಸೇರಿ ಒಂದೇ ತಂತಿ ಸ್ಪ್ರಿಂಗು. ಹುಡುಗಿ ಅರ್ಧ ದಿನಕ್ಕೇ ಮುಖ ಸಿಂಡರಿಸಿದಳು. "ಇದು ಕಚ್ಚೋಕೆ ಮುಂಚೆ ಪೆಡಲ್ ಒಂದು ಗೇಣು ಸುಮ್ನೆ ಹೋಗುತ್ತೆ ಅಜ್ಜಿ. ಅಷ್ಟೊತ್ತಿಗೆ ನಾನು ಬ್ಯಾಲೆನ್ಸ್ ತಪ್ಪಿರ್ತೀನಿ." ಅದು ನಿಜ. ಮಾರುಕಟ್ಟೆಗೆ ಹೋಗುವವರಿಗೆ ಗೇಣು ಲೆಕ್ಕಕ್ಕಿಲ್ಲ, ಬಂಡೆಯ ಮೇಲೆ ಒಂಟಿ ಚಕ್ರದಲ್ಲಿ ನಿಂತವರಿಗೆ ಬೆರಳೂ ಲೆಕ್ಕವೇ. ಮೂರನೇ ಬೆಳಿಗ್ಗೆ ಅದೂ ಜಾರಿತು. ಅಗ್ಗದ್ದು, ಜಾರಿರಬೇಕು ಎಂದುಕೊಂಡೆವು.

ಮೂರನೆಯದನ್ನು ಆರಿಸುವಾಗ ಹುಡುಗಿ ಫೋನು ಹಿಡಿದು ಪಕ್ಕದಲ್ಲಿ ಕೂತಳು. ಚಿತ್ರ ನೋಡಿ ನೋಡಿ ನನಗೂ ಕಣ್ಣು ಪಳಗಿತು. ಅವಳಿಗೆ ಮತ್ತೆ ನೂರೆಂಟರದ್ದೇ ಹೊಸದು ಬೇಕು. "ಅದು ಬೇಗ ಕಚ್ಚುತ್ತೆ ಕಣಜ್ಜಿ."

"ಬೇಗ ಕಚ್ಚೋ ನಾಯಿ ಬೇಕಾ, ಹಿಡಿದದ್ದು ಬಿಡದ ನಾಯಿ ಬೇಕಾ?"

"ಎರಡೂ ಬೇಕು."

"ಎರಡೂ ಇರೋದು ಸಿಕ್ರೆ ನಂಗೂ ಒಂದು ತರ್ಸು."

ಅಂಗಡಿ ಇಡುವವರು ಇದನ್ನು ಗಮನವಿಟ್ಟು ಓದಿ. ಎಷ್ಟು ಸಲ ಕಚ್ಚುತ್ತದೆ ಎಂಬ ಅಂಕಿಗೆ ಮರುಳಾಗಬೇಡಿ. ಅಂಕಿ ಹೆಚ್ಚಾದಷ್ಟೂ ಹಲ್ಲು ಸಣ್ಣದಾಗುತ್ತದೆ, ಸಣ್ಣ ಹಲ್ಲಿಗೆ ಕೊಳೆ, ಎಣ್ಣೆ, ಧೂಳು ಎಲ್ಲವೂ ದೊಡ್ಡದು. ನಾಯಿಯ ಮೂತಿ ಎಷ್ಟು ಅಗಲವಿದೆ ನೋಡಿ. ಪ್ರತಿ ನಾಯಿಗೂ ಅದರದ್ದೇ ಸ್ಪ್ರಿಂಗು ಇದೆಯಾ ನೋಡಿ. ಒಂದೇ ತಂತಿಯಾದರೆ ಅದು ತುಂಡಾದ ದಿನ ಎಲ್ಲ ನಾಯಿಯೂ ಒಟ್ಟಿಗೆ ಮಲಗುತ್ತವೆ. ಎಲ್ಲಕ್ಕಿಂತ ಮುಖ್ಯ, ಬಿಚ್ಚಲು ಬರುತ್ತದಾ ನೋಡಿ. ಒಳಗೆ ಏನಿದೆ ಎಂದು ತೋರಿಸದ ಫ್ರೀವೀಲು ಎಷ್ಟು ಹೊಳೆದರೂ ನನ್ನ ಮನೆಗೆ ಬೇಡ. ಹೀಗೆ ಸೋಸಿ ಸೋಸಿ ಅಗಲ ಮೂತಿಯ ಮೂರು ನಾಯಿ, ಮೂರು ಸ್ಪ್ರಿಂಗಿನ ಒಂದನ್ನು ತರಿಸಿದೆವು. ನೂರೆಂಟು ಸಲ ಅಲ್ಲ, ಆದರೆ ಬಂಡೆ ಕೆಲಸಕ್ಕೆ ಸಾಲುವಷ್ಟು ಕಚ್ಚುತ್ತಿತ್ತು. ಅದರ ಶಬ್ದ ಕೇಳಿದ ಕೂಡಲೇ ಇದು ಮನೆ ಕಾಯುವ ಜಾತಿ ಎಂದು ನನಗೆ ಗೊತ್ತಾಯಿತು.

ಅದನ್ನು ಹಾಕಿದ ಎರಡನೇ ಬೆಳಿಗ್ಗೆ ಹುಡುಗಿ ಮೊಣಕಾಲ ಕೆಳಗೆ ಕುಯ್ದುಕೊಂಡು ಬಂದಳು. ಹೊಲಿಗೆ ಬಿತ್ತು.

ಮಗ ಕೊಬ್ಬರಿ ಮಂಡಿಯಿಂದ ಬಂದವನು ಕಾಲು ನೋಡಿದ, ಸೈಕಲ್ ನೋಡಿದ, ನನ್ನನ್ನು ನೋಡಿದ. "ಅವ್ವಾ, ಮೂರು ಫ್ರೀವೀಲ್ ಆಯ್ತು. ಇನ್ನೊಂದ್ ಸಲ ಅದು ಜಾರಿ ಇವ್ಳು ಬಿದ್ರೆ ಸೈಕಲ್ ಗುಜರಿಗೆ. ಆಮೇಲೆ ಯಾರೂ ನನ್ನ ಕೇಳ್ಬೇಡಿ."

"ಅಪ್ಪಾ, ಬರೋ ಭಾನುವಾರದ ಮುಂದಿನ ಭಾನುವಾರ ಚಿಕ್ಕನಾಯಕನಹಳ್ಳಿ ಗುಡ್ಡದಲ್ಲಿ ಸೆಲೆಕ್ಷನ್ ಇದೆ. ಮೊದಲ ನಾಲ್ಕು ಜನನ್ನ ರಾಜ್ಯದ ತಂಡಕ್ಕೆ ಕರೀತಾರೆ" ಅಂದಳು ಹರ್ಷಿತಾ. ಅವಳ ದನಿ ಸಣ್ಣಗಾಗಿತ್ತು. ಕಾಲಿನ ನೋವಿಗಲ್ಲ.

"ಹೋಗು. ಅಲ್ಲೂ ಜಾರ್‍ಲಿ, ಅಲ್ಲೇ ಬಿಟ್ಟು ಬರೋಣ."

ಅವಳು ಅವತ್ತು ರಾತ್ರಿ ಊಟಕ್ಕೆ ಕೂತಾಗ ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟು: "ಕಾಲಿಗೆ ಹೆದರಿಕೆ ಬಂದುಬಿಟ್ಟಿದೆ ಅಜ್ಜಿ. ಒದೆಯೋಕೆ ಮುಂಚೆನೇ ಜಾರುತ್ತೆ ಅನ್ಸುತ್ತೆ." ಇದು ನನಗೆ ಹೊಲಿಗೆಗಿಂತ ಕೆಟ್ಟದ್ದಾಗಿ ಕಂಡಿತು. ಹೆದರಿದ ಕಾಲು ಅರ್ಧ ಒದೆಯುತ್ತದೆ. ಅರ್ಧ ಒದ್ದರೆ ಒಳ್ಳೇ ಫ್ರೀವೀಲಿದ್ದರೂ ಬೀಳುತ್ತಾರೆ.

ಸೆಲೆಕ್ಷನ್ನಿನ ಹಿಂದಿನ ದಿನ ಶನಿವಾರ. ಹೊಲಿಗೆ ಬಿಚ್ಚಿಸಿಕೊಂಡು ಬಂದಿದ್ದಳು. ಅಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಸೊಸೆ ತಲೆಗೆ ಹಚ್ಚಿಕೊಳ್ಳಲು ಎಣ್ಣೆ ಬಾಟಲಿ ತಲೆಕೆಳಗು ಮಾಡಿ ಕುಟ್ಟುತ್ತಿದ್ದಳು. ಒಂದು ಹನಿ ಬೀಳಲಿಲ್ಲ. ಚಳಿಗೆ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಬಯ್ದುಕೊಂಡು ಬಾಟಲಿಯನ್ನು ಬಿಸಿನೀರಿನ ಚೊಂಬಿಗೆ ಇಳಿಬಿಟ್ಟಳು. ಚಳಿಗಾಲದಲ್ಲಿ ನಮ್ಮ ಕಡೆ ಎಲ್ಲ ಮನೆಯಲ್ಲೂ ದಿನಾ ನಡೆಯುವುದು ಇದೇ. ನಾನು ಕಾಯಿ ಸುಲಿಯುತ್ತಲೇ ಇದ್ದೆ. ಹೊರಗೆ ಹುಡುಗಿ ಸೈಕಲ್ ತೆಗೆದು ಪೆಡಲನ್ನು ಹಿಂದಕ್ಕೆ ತಿರುಗಿಸಿದಳು.

ಶಬ್ದ ಬರಲಿಲ್ಲ.

ನಾನು ಕಾಯಿ ಕೆಳಗಿಟ್ಟು ಹೊರಗೆ ಹೋದೆ. "ಇನ್ನೊಂದ್ ಸಲ ತಿರುಗ್ಸು" ಅಂದೆ. ತಿರುಗಿಸಿದಳು. ಗುಸುಗುಸು ಕೂಡ ಇಲ್ಲ. ಮಧ್ಯಾಹ್ನ ಅಷ್ಟು ಕೂಗುವ ಫ್ರೀವೀಲು ಬೆಳಿಗ್ಗೆ ಮೂಕ. ಇದನ್ನು ಇಷ್ಟು ದಿನ ಬೆಳಗಿನ ಹೊತ್ತು ಕೇಳಿಯೇ ಇರಲಿಲ್ಲ ನಾನು. ಬೆರಳು ಹಾಕಿ ಅಂಚು ಸವರಿ ಮೂಸಿದೆ. ಮೂಸಿಯೂ ಪ್ರಯೋಜನವಿಲ್ಲ, ನಮ್ಮ ಮನೆಯಲ್ಲಿ ದಿಂಬಿನಿಂದ ಬಾಗಿಲ ಚಿಲಕದವರೆಗೆ ಎಲ್ಲಕ್ಕೂ ಅದೇ ವಾಸನೆ. ತಟ್ಟೆ ತರಿಸಿ ಅಲ್ಲೇ ಬಿಚ್ಚಿದೆ. ಒಳಗೆ ಬೆಣ್ಣೆ ಮೆತ್ತಿದ ಹಾಗೆ ಬೆಳ್ಳಗಿತ್ತು. ಮೂರು ನಾಯಿಯೂ ಅದರಲ್ಲಿ ಬೆಚ್ಚಗೆ ಮಲಗಿದ್ದವು.

"ಯಾರ್ರೀ ಇದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟಿದ್ದು?" ಎಂದು ಕೂಗಿದೆ. ಕೇಳಬೇಕಾದ ಅಗತ್ಯವೇನೂ ಇರಲಿಲ್ಲ.

ಯಜಮಾನರು ಹಲ್ಲುಜ್ಜುತ್ತಾ ಬಂದರು. "ನಾನೇ ಕಣೇ. ದಿನಾ ಸಂಜೆ ನಾಕು ತೊಟ್ಟು. ಯಾಕೆ?"

"ಫ್ರೀವೀಲಿಗೆ ಕೊಬ್ಬರಿ ಎಣ್ಣೆ ಹಾಕ್ತಾರೇನ್ರೀ?"

"ಅಂಗಡಿ ಎಣ್ಣೆ ಅಲ್ಲ ಕಣೇ, ನಮ್ ತೋಟದ್ ಕೊಬ್ರಿ, ಮುಂದೆ ನಿಂತು ಗಾಣದಲ್ಲಿ ಆಡಿಸ್ಕೊಂಡ್ ಬಂದಿದ್ದು. ಅದ್ಯಾವ್ದೋ ಕರೀ ಎಣ್ಣೆ ಹಾಕೋ ಬದ್ಲು ಒಳ್ಳೇದಿರ್ಲಿ ಅಂತ ಹಾಕ್ದೆ."

"ಅಡುಗೆಮನೇಲಿ ಬಾಟ್ಲಿ ನೋಡಿ ಬನ್ನಿ, ಹೆಂಗಾಗೈತೆ ಅಂತ."

ಹೋಗಿ ನೋಡಿ ಬಂದರು. ತಟ್ಟೆಯಲ್ಲಿದ್ದ ಫ್ರೀವೀಲನ್ನೂ ನೋಡಿದರು. ಆ ಬಿಳಿಯನ್ನು ಬೆರಳಲ್ಲಿ ಒತ್ತಿ ನೋಡಿದರು. "ಮಧ್ಯಾನ್ನ ಕರಗ್ತದಲ್ಲ" ಅಂದರು ಕೊನೆಗೆ.

"ತಾತಾ" ಅಂದಳು ಹುಡುಗಿ. ಬೈಯುತ್ತಾಳೆಂದು ನೋಡಿದರೆ ಬಿದ್ದು ಬಿದ್ದು ನಕ್ಕಳು. "ನಂಗೆ ಆಟ ಬರಲ್ವೇನೋ ಅಂತ ಹದಿನೈದು ದಿನದಿಂದ ನಿದ್ದೆಗೆಟ್ಟಿದೀನಿ, ನೀನು ಎಣ್ಣೆ ಸ್ನಾನ ಮಾಡಿಸ್ತಿದ್ಯಾ?"

ಅವರು ಮುನಿಸಿಕೊಂಡು ತೋಟಕ್ಕೆ ಹೋದರು. ನಮಗೆ ಕೆಲಸವಿತ್ತು. ಮೂರು ಫ್ರೀವೀಲನ್ನೂ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಹೊಲಿಗೆ ಮೆಷಿನ್ನಿನ ತೆಳು ಎಣ್ಣೆ ಒಂದೊಂದು ತೊಟ್ಟು ಬಿಟ್ಟೆ. ಹುಡುಗಿಗೆ ಆಸೆ ಮತ್ತೆ ನೂರೆಂಟರ ಮೇಲೆ ಹೋಯಿತು. ಅದರದ್ದೇನೂ ತಪ್ಪಿರಲಿಲ್ಲವಲ್ಲ ಅಂದಳು. ಪರೀಕ್ಷೆ ಮಾಡೋಣ ಅಂದೆ. ಪರೀಕ್ಷೆಗೆ ಭಾರ ಬೇಕು, ನನ್ನ ಮಂಡಿ ಆಗದು. ಕೊಬ್ಬರಿ ಮಂಡಿಗೆ ಹೊರಟಿದ್ದ ಮಗನನ್ನು ಕರೆದೆ. ಕೊಬ್ಬರಿ ವ್ಯಾಪಾರದಲ್ಲಿ ಕೂತು ಕೂತು ಅವನು ಮೂಟೆಯಷ್ಟೇ ಆಗಿದ್ದಾನೆ.

"ಪೆಡಲ್ ಮೇಲೆ ನಿಂತ್ಕೊಳೋ" ಅಂದೆ.

"ನನ್ನ ಯಾಕವ್ವ ಇದ್ರಾಗೆ ಎಳೀತೀಯ?"

"ಗುಜರಿಗೆ ಹಾಕೋನು ತೂಕ ನೋಡ್ದೆ ಹಾಕ್ತೀಯಾ? ನಿಂತ್ಕೋ."

ಹುಡುಗಿ ಹಿಂದಿನ ಬ್ರೇಕು ಹಿಡಿದಳು, ಮಗ ಪೆಡಲ್ ಮೇಲೆ ನಿಂತ. ಇಳಿಸಿ, ಪೆಡಲನ್ನು ಕೂದಲಷ್ಟು ಹಿಂದಕ್ಕೆ ತಂದು ಮತ್ತೆ ನಿಲ್ಲಿಸಿದೆ. ಹೀಗೆ ಒಂದು ಸುತ್ತು. ನೂರೆಂಟರದ್ದು ಒಂದು ಜಾಗದಲ್ಲಿ ಟಕ್ಕೆಂದು ಬಿಟ್ಟಿತು. ಮಗ ಸೊಸೆಯ ತುಳಸಿಕಟ್ಟೆ ಹಿಡಿದುಕೊಂಡು ನಿಂತ. ಮತ್ತೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ ಅದರ ಎರಡು ನಾಯಿಯ ಮೂತಿ ಮುಕ್ಕಾಗಿತ್ತು. ಗಟ್ಟಿ ಎಣ್ಣೆಯಲ್ಲಿ ಅರ್ಧ ಎದ್ದು ಅರ್ಧ ಕಚ್ಚಿದರೆ ಸಣ್ಣ ಹಲ್ಲು ತಡೆಯುತ್ತದಾ? ಸಾದಾ ಸೈಕಲ್ಲಿನ ಫ್ರೀವೀಲು ಮುರಿದಿರಲಿಲ್ಲ, ಆದರೆ ಗೇಣು ದೂರ ಹೋಗಿ ಕಚ್ಚಿತು. ಮೂರು ನಾಯಿಯದ್ದರ ಮೇಲೆ ಮಗ ಒಂದು ಸುತ್ತು ಪೂರ್ತಿ ಹತ್ತಿ ಇಳಿದ. ಅಲುಗಲಿಲ್ಲ. ಅವನೇ ಸಂಶಯಕ್ಕೆ ಇನ್ನೊಂದು ಸುತ್ತು ಹತ್ತಿದ. ಬೆವರು ಒರೆಸಿಕೊಂಡು, "ಇದನ್ನೇ ಹಾಕು" ಅಂದ. ನಾನು ಹಾಕಿದೆ. ಚಳಿಗೂ ಬೊಗಳುತ್ತದೋ ನೋಡಲು ಅಂದು ರಾತ್ರಿ ಸೈಕಲ್ಲನ್ನು ಒಳಗೆ ತರಲು ಬಿಡದೆ ಮಂಜಿನಲ್ಲೇ ಅಂಗಳದಲ್ಲಿ ನಿಲ್ಲಿಸಿದೆ. ಕೊಬ್ಬರಿ ಎಣ್ಣೆ ಬಾಟಲಿಯನ್ನು ನನ್ನ ತಲೆಯ ಹತ್ತಿರ ಇಟ್ಟುಕೊಂಡು ಮಲಗಿದೆ.

ಭಾನುವಾರ ಗುಡ್ಡದಲ್ಲಿ ಉಸಿರು ಹೊಗೆಯಾಗಿ ಬರುವಷ್ಟು ಚಳಿ. ಬೇರೆ ಊರಿನ ಹುಡುಗಿಯರು ಹೊಳೆಯುವ ಬಟ್ಟೆ, ಹೊಳೆಯುವ ಸೈಕಲ್ ತಂದಿದ್ದರು. ಯಜಮಾನರು ಮುನಿಸಿನಲ್ಲೇ ಬಂದು ಕಾರಿನಿಂದ ಇಳಿಯದೆ ಕೂತರು. ಹರ್ಷಿತಾಳ ಸರದಿ ಬಂದಾಗ ಅವಳು ನನ್ನ ಕಡೆ ತಿರುಗಿ ಪೆಡಲನ್ನು ಹಿಂದಕ್ಕೆ ಸುತ್ತಿದಳು. ಅಷ್ಟು ಚಳಿಯಲ್ಲೂ ಕಟಕಟನೆ ಬೊಗಳಿತು. "ಹೋಗು" ಅಂದೆ.

ಮೊದಲ ದಿಮ್ಮಿ ದಾಟಿದಳು. ಎರಡನೇ ಕಡೆ ಕಾಲು ಒಂದು ಸಲ ನೆಲಕ್ಕೆ ತಾಗಿತು, ಅದು ಅವಳದ್ದೇ ತಪ್ಪು. ಕೊನೆಯದು ಎದೆಯೆತ್ತರದ ಬಂಡೆ. ಹಿಂದಿನ ಚಕ್ರದ ಮೇಲೆ ನಿಂತಳು. ಒಮ್ಮೆ ಕುಪ್ಪಳಿಸಿದಳು, ಮತ್ತೊಮ್ಮೆ ಕುಪ್ಪಳಿಸಿದಳು, ಒದೆಯಲಿಲ್ಲ. ಹೆದರಿದ ಕಾಲು ನನಗೆ ಅಷ್ಟು ದೂರದಿಂದಲೂ ಕಂಡಿತು. ಪಕ್ಕದಲ್ಲಿದ್ದ ಮಗ ಇದ್ದಕ್ಕಿದ್ದಂತೆ ಬಾಯಿಗೆ ಕೈ ಅಡ್ಡ ಹಿಡಿದು, "ಒದಿಯೇ, ನಾನೇ ಎರಡು ಸುತ್ತು ನಿಂತು ನೋಡೀನಿ, ಜಾರಕ್ಕಿಲ್ಲ" ಎಂದು ಕೂಗಿದ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ನಕ್ಕಳೋ ಏನೋ. ಒದ್ದಳು. ನಾಯಿ ಕಚ್ಚಿತು. ಬಂಡೆಯ ಮೇಲಿದ್ದಳು.

ಮೂರನೆಯವಳಾದಳು. ನಾಲ್ಕರೊಳಗೆ ಬಂದದ್ದು ಸಾಕು. ವಾಪಸು ಬರುವಾಗ ಮಗ ಕಾರು ಓಡಿಸುತ್ತಾ, ಯಾರನ್ನೂ ನೋಡದೆ, "ಮುಂದಿನ್ದು ಎಲ್ಲಿ ಮಾಡ್ತಾರಂತೆ?" ಎಂದು ಕೇಳಿದ. ಗುಜರಿಯ ಮಾತು ಎತ್ತಲಿಲ್ಲ. ಯಜಮಾನರು ಮಾತ್ರ ಕಿಟಕಿಯ ಕಡೆಯೇ ಮುಖ ಮಾಡಿಕೊಂಡಿದ್ದರು. ತುರುವೇಕೆರೆ ಹತ್ತಿರ ಬಂದಾಗ, "ಈ ಮನೇಲಿ ಎಲ್ಲಾರೂ ತಿಂದು ಬೆಳ್ದಿರೋದು ಅದೇ ಎಣ್ಣೆ" ಎಂದು ಕಿಟಕಿಗೆ ಹೇಳಿದರು.

ಮಾರನೇ ದಿನ ಬೆಳಿಗ್ಗೆ ನಾನು ಬಿಸಿಲು ಬೀಳುವ ಮುಂಚೆ ಎದ್ದು ಅಂಗಳಕ್ಕೆ ಹೋಗಿ ಪೆಡಲನ್ನು ಹಿಂದಕ್ಕೆ ತಿರುಗಿಸಿದೆ. ಬೊಗಳಿತು. ಹುಡುಗಿಯನ್ನು ಎಬ್ಬಿಸಿ ಮಟ್ಟೆ ರಾಶಿಯ ಕಡೆ ಕಳಿಸಿದೆ. ಆಮೇಲೆ ತಲೆದಿಂಬಿನ ಹತ್ತಿರದ ಬಾಟಲಿ ತಂದು ಬಿಸಿನೀರಿನ ಚೊಂಬಿನಲ್ಲಿಟ್ಟು ಕರಗಿಸಿ, ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ ಯಜಮಾನರ ಬೋಳು ತಲೆಯ ಮೇಲೆ ಅಷ್ಟನ್ನೂ ಸುರಿದೆ.

"ಏನೇ ಇದು, ಇಷ್ಟೊಂದು?" ಅಂದರು.

"ಸುಮ್ನೆ ಕೂತ್ಕಳಿ" ಅಂದೆ. "ಇದ್ರೊಳಗೆ ಕಚ್ಚೋದು ಏನೂ ಇಲ್ಲ, ಎಷ್ಟ್ ಬೇಕಾದ್ರೂ ಹಾಕ್ಬೋದು." ಬಿಸಿಲು ತಲೆಗೆ ಬೀಳುವವರೆಗೂ ತಟ್ಟಿದೆ.